ಸಿಗರೇಟು ಬಿಟ್ಟ ಮೇಲೂ ಉರಿಯೂತ ಆರದಿರುವುದೇಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಂದೆಯವರಿಗೆ 64 ವರ್ಷ. 35 ವರ್ಷ ದಿನಕ್ಕೊಂದು ಪ್ಯಾಕು ಸಿಗರೇಟು ಸೇದಿ, ಎರಡು ವರ್ಷದ ಹಿಂದೆ ಪೂರ್ತಿಯಾಗಿ ಬಿಟ್ಟರು. ಊದುವ ಪರೀಕ್ಷೆ ಮಾಡಿಸಿದಾಗ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ) ಎಂದು ತಿಳಿಯಿತು. ಈಗಲೂ ಮಹಡಿ ಹತ್ತಿದರೆ ಏದುಸಿರು, ಬೆಳಗಾದರೆ ಕಫ. ಹೊಗೆಯೇ ನಿಂತ ಮೇಲೆ ಒಳಗಿನ ಉರಿಯೂತವೂ ನಿಲ್ಲಬೇಕಲ್ಲವೇ? ಅಸ್ತಮಾ ಇರುವ ನನ್ನ ತಂಗಿಗೆ ಸ್ಟೀರಾಯ್ಡ್ ಇನ್‌ಹೇಲರ್ ಚೆನ್ನಾಗಿ ಹಿಡಿಸಿತು, ಅಪ್ಪನಿಗೆ ಅಷ್ಟಾಗಿ ಗುಣ ಕಾಣುತ್ತಿಲ್ಲ.

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳ ಬೇರು ಬಹುಮಟ್ಟಿಗೆ ಒಂದೇ ಕಡೆ ಇದೆ. ಹೊಗೆಯನ್ನು ಬರೀ ಮಸಿ ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಒಂದೊಂದು ದಮ್ಮಿನಲ್ಲೂ ನೂರಾರು ಲಕ್ಷ ಕೋಟಿ, ಎದುರಿಗೆ ಸಿಕ್ಕಿದ್ದನ್ನು ಕೆಡಿಸುವ ಅಸ್ಥಿರ ಕಣಗಳಾದ ಮುಕ್ತ ರ‍್ಯಾಡಿಕಲ್‌ಗಳು ಒಳಹೋಗುತ್ತವೆ, ಮತ್ತು ಶ್ವಾಸನಾಳದ ಒಳಪದರದ ಕೋಶಗಳು ಅವನ್ನು ಅಪಾಯದ ಸೂಚನೆಯೆಂದೇ ಓದಿಕೊಳ್ಳುತ್ತವೆ. ಶಾಂತವಾಗಿರುವ ಕೋಶದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ; ಹೊಗೆಯ ಒತ್ತಡ ಬಿದ್ದಾಗ ಈ ಕಾವಲಿನ ಪ್ರೋಟೀನು ನಾಶವಾಗಿ, ಬಿಡುಗಡೆಗೊಂಡ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರವನ್ನು ಹೊಕ್ಕು ಇಂಟರ್‌ಲ್ಯೂಕಿನ್-8, ಟಿಎನ್‌ಎಫ್-ಆಲ್ಫಾ ಮುಂತಾದ ಉರಿಯೂತದ ಸಂದೇಶವಾಹಕಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಇಂಟರ್‌ಲ್ಯೂಕಿನ್-8 ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶಗಳನ್ನು ಕರೆಸಿಕೊಳ್ಳುತ್ತದೆ. ಅವು ಸುರಿಸುವ ಎಲಾಸ್ಟೇಸ್ ಕಿಣ್ವವು ಗಾಳಿಗೂಡುಗಳಿಗೆ ಸ್ಥಿತಿಸ್ಥಾಪಕ ಗುಣ ಕೊಡುವ ಎಲಾಸ್ಟಿನ್ ನಾರನ್ನು ಕತ್ತರಿಸುತ್ತದೆ. ಇದನ್ನು ತಡೆಯಲೆಂದು ಯಕೃತ್ತು ತಯಾರಿಸಿ ಕಳಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್ನನ್ನೂ ಹೊಗೆ ಬಿಡುವುದಿಲ್ಲ: ಅದರ 358ನೆಯ ಸ್ಥಾನದ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಆಕ್ಸಿಡೀಕರಣಗೊಂಡರೆ ಎಲಾಸ್ಟೇಸನ್ನು ಹಿಡಿಯುವ ಶಕ್ತಿ ಬಹುಪಾಲು ಹೋಗುತ್ತದೆ. ಕಫಕ್ಕೆ ದಾರಿ ಬೇರೆ. ಅಲ್ಲಿ ಇಜಿಎಫ್‌ಆರ್ ಎಂಬ, ಕೋಶದ ಮೇಲ್ಮೈಯಲ್ಲಿ ಸಂಕೇತ ಹಿಡಿಯುವ ಗ್ರಾಹಕ ಕೆರಳಿ, ಲೋಳೆಯ ಉತ್ಪತ್ತಿ ಹೆಚ್ಚುತ್ತದೆ.

ಇನ್ನು ಉರಿಯೂತವನ್ನು ನಿಲ್ಲಿಸುವ ವ್ಯವಸ್ಥೆಯ ವಿಷಯ. ಚಾಲೂ ಆದ ಜೀನಿನ ಬಳಿ ಡಿಎನ್‌ಎ ಸುರುಳಿ ಸಡಿಲಗೊಂಡಿರುತ್ತದೆ. ಎಚ್‌ಡಿಎಸಿ-2 ಎಂಬ ಕಿಣ್ವ ಅದನ್ನು ಮತ್ತೆ ಬಿಗಿದು ಮುಚ್ಚುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುವುದು ಹೆಚ್ಚಾಗಿ ಈ ಕಿಣ್ವದ ಕೈಯಿಂದಲೇ. ಸಿಒಪಿಡಿ ಇರುವವರ ಶ್ವಾಸಕೋಶದಲ್ಲಿ ಎಚ್‌ಡಿಎಸಿ-2ರ ಚಟುವಟಿಕೆ ಕುಗ್ಗಿರುವುದನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ರೋಗ ತೀವ್ರವಾದಷ್ಟೂ ಕುಗ್ಗುವಿಕೆ ಹೆಚ್ಚು. ಕಿಣ್ವ ಕುಗ್ಗಿದರೆ ಚಾಲೂ ಆದ ಜೀನು ಸರಿಯಾಗಿ ಮುಚ್ಚಿಕೊಳ್ಳದೆ ಉರಿಯೂತ ಮುಂದುವರಿಯುತ್ತದೆ. ತಂಗಿಗೆ ಹತ್ತಿದ ಔಷಧಿ ತಂದೆಯವರಿಗೆ ಹತ್ತದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಅಸ್ತಮಾ ಇದ್ದು ಸಿಗರೇಟೂ ಸೇದುವವರಲ್ಲಿ ಸ್ಟೀರಾಯ್ಡ್ ಮಂಕಾಗುವುದನ್ನೂ ನಾವು ಕಾಣುತ್ತೇವೆ. ಜೊತೆಗೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಹಾಳಾಗಿರುವುದರಿಂದ ಬ್ಯಾಕ್ಟೀರಿಯಾ ಅಲ್ಲೇ ಠಿಕಾಣಿ ಹೂಡಿ, ಹೊಗೆಯಿಲ್ಲದಿದ್ದರೂ ಕೋಶಗಳನ್ನು ಕೆರಳಿಸುತ್ತಿರುತ್ತವೆ.

ಇನ್ನೊಬ್ಬ ಸದಸ್ಯರು: ಹಾಗಿದ್ದರೆ ಈ ಮುಕ್ತ ಕಣಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಸಾಕಲ್ಲವೇ ಸರ್?

ಉತ್ತರ: ತರ್ಕ ಸರಿಯೆನಿಸುತ್ತದೆ, ವಿಜ್ಞಾನಿಗಳೂ ಒಮ್ಮೆ ಹಾಗೆಯೇ ಯೋಚಿಸಿದ್ದರು. ಕ್ಯಾನ್ಸರ್ ತಡೆಯಬಹುದೆಂದು ಫಿನ್ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಬೀಟಾ-ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಆದ್ದರಿಂದ ಅಂಗಡಿಯ ಡಬ್ಬಿ ನೋಡಿ ನೀವಾಗಿಯೇ ತೆಗೆದುಕೊಳ್ಳಬೇಡಿ. ಹಣ್ಣು, ಸೊಪ್ಪು ಧಾರಾಳವಾಗಿ ತಿನ್ನಿ, ಅದಕ್ಕೆ ಅಡ್ಡಿಯಿಲ್ಲ.

ಮೊದಲು ಕೇಳಿದವರು: ಉರಿಯೂತ ಉಳಿಯುವುದೇ ಆದರೆ ಬಿಟ್ಟು ಏನು ಬಂತು ಎಂದು ಅಪ್ಪ ಕೇಳುತ್ತಾರೆ ಡಾಕ್ಟರೇ.

ಉತ್ತರ: ಅವರಿಗೆ ಈ ಲೆಕ್ಕ ಹೇಳಿ. ಆರಂಭದ ಹಂತದ ಸಿಒಪಿಡಿ ಇದ್ದವರನ್ನು ಅಮೆರಿಕ ಮತ್ತು ಕೆನಡಾದಲ್ಲಿ 11 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ಸೆಕೆಂಡಿನಲ್ಲಿ ಊದಬಲ್ಲ ಗಾಳಿಯ ಪ್ರಮಾಣ ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಇಳಿಯಿತು, ಬಿಟ್ಟವರಲ್ಲಿ ಸುಮಾರು 30. ಹೋದ ಗಾಳಿಗೂಡು ಮರಳುವುದಿಲ್ಲ, ಆದರೆ ಸವೆತ ಅರ್ಧಕ್ಕಿಳಿಯುತ್ತದೆ. ಇನ್‌ಹೇಲರನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಭೇಟಿಯಲ್ಲಿ ರಕ್ತದ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕೋಶ) ಎಣಿಕೆ ನೋಡಿದ್ದಾರೆಯೇ ಎಂದು ವಿಚಾರಿಸಿ. ಅದು ಮೈಕ್ರೋಲೀಟರಿಗೆ 300 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಸ್ಟೀರಾಯ್ಡಿನಿಂದ ಉಪಯೋಗ ಹೆಚ್ಚು, 100ಕ್ಕಿಂತ ಕಡಿಮೆಯಿದ್ದರೆ ತೀರ ಕಡಿಮೆ.