ಹಳೇ ಬೋಟಿನ ಕೈಪಂಪ್ ಟಾಯ್ಲೆಟ್: ಹೊರಹೋದ ನೀರು ಮತ್ತೆ ಬೌಲಿಗೆ ಬರ್ತಿದೆ

ಹೆಬ್ಬಾಳ_ಶೆಡ್
ಎಲ್ಲರಿಗೂ ನಮಸ್ಕಾರ. 26 ಅಡಿ ಫೈಬರ್ ಬೋಟ್, ಮೂವತ್ತು ವರ್ಷದ ಹತ್ತಿರದ್ದು. ಸದ್ಯ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡಲ್ಲಿ ಟ್ರೇಲರ್ ಮೇಲಿದೆ, ಮಳೆಗಾಲ ಮುಗಿದ ಮೇಲೆ ಮಲ್ಪೆಗೆ ಹೋಗಬೇಕು. ಟಾಯ್ಲೆಟ್ ಜಾಬ್ಸ್ಕೋ ಮಾದರಿಯ ಕೈಪಂಪಿನದು. ನೀರೆಳೆಯುವ ಹೋಸ್ 19 ಮಿ.ಮೀ., ಹೊರಹೋಗುವ ಹೋಸ್ 38 ಮಿ.ಮೀ. ಬಕೆಟ್ಟಿಂದ ನೀರು ಎಳೆಸಿ ನೋಡಿದಾಗ ಪಂಪ್ ಬಹಳ ಬಿಗಿ. ಬೌಲ್ ಖಾಲಿಯಾಗುತ್ತೆ, ಆದರೆ ಹತ್ತು ನಿಮಿಷದಲ್ಲಿ ಒಂದು ಲೀಟರಿಗೂ ಹೆಚ್ಚು ಕಂದು ನೀರು ವಾಪಸ್. ಪಂಪ್ ರಾಡಿನ ಕುತ್ತಿಗೆಯಲ್ಲಿ ಹನಿ ಬೇರೆ. ಎಷ್ಟು ತೊಳೆದರೂ ವಾಸನೆ ಹೋಗಲ್ಲ. ಇಡೀ ಸೆಟ್ ಬದಲಾಯಿಸಬೇಕಾ, ರಿಪೇರಿ ಸಾಕಾ?

ಪಂಪ್‌ಮೇಸ್ತ್ರಿ
ಸೆಟ್ ತರಿಸೋ ಮಾತು ಆಮೇಲೆ. ವಾಪಸ್ ಬರ್ತಿರೋ ನೀರನ್ನು ಅಳೆಯಿರಿ. 38 ಮಿ.ಮೀ. ಹೋಸ್ ಮೀಟರಿಗೆ ಸುಮಾರು 1.1 ಲೀಟರ್ ಹಿಡಿಯುತ್ತೆ. ನಿಮ್ಮ ಹೋಸ್ ಪಂಪಿಂದ ಒಂದು ಮೀಟರ್ ಮೇಲಕ್ಕೇರಿ ಲೂಪಿಗೆ (ಹೋಸ್ ಮೇಲೆ ಹೋಗಿ ಬಾಗಿ ಮತ್ತೆ ಕೆಳಗಿಳಿಯುವ ಕಮಾನು) ಹೋಗಿದ್ದರೆ, ಆ ಏರಿನಲ್ಲಿ ನಿಂತ ನೀರೆಲ್ಲ ಕೆಳಗಿಳೀತಿದೆ ಅಂತ ಲೆಕ್ಕ. ತಡೀಬೇಕಾದ್ದು ಜೋಕರ್ ವಾಲ್ವ್: ಪಂಪಿಂದ ಹೊರಡುವ ಎಲ್ಬೋ ಒಳಗೆ ಬಾತುಕೋಳಿ ಕೊಕ್ಕಿನಂತಿರುವ ರಬ್ಬರ್. ತುಟಿಗಳ ನಡುವೆ ಉಪ್ಪುಗಟ್ಟಿದರೆ, ಇಲ್ಲ ರಬ್ಬರ್ ಊದಿ ಬಾಯಿ ಬಿಟ್ಟರೆ, ನೀರು ನಿಲ್ಲಲ್ಲ. ಹೊಸದು ಹಾಕುವಾಗ ಕೊಕ್ಕು ಹೊರಹೋಗುವ ದಿಕ್ಕಿಗೇ ಇರಲಿ.

ಬಿಗಿಗೆ ಕಾರಣ ಎರಡು ಇರಬಹುದು. ಎಲ್ಬೋ ಹತ್ತಿರ ಹೋಸ್ ಬಿಚ್ಚಿ, ನೇರ ಬಕೆಟ್ಟಿಗೆ ಪಂಪ್ ಮಾಡಿ. ಆಗ ಹಗುರಾದರೆ ಹೋಸ್ ಕಟ್ಟಿದೆ. ಆಗಲೂ ಬಿಗಿಯಿದ್ದರೆ ಪಿಸ್ಟನ್ ಒಣಗಿದೆ. ಬಿಚ್ಚೋ ಮುಂಚೆ ಕೆಳಗೆ ಟ್ರೇ ಇಡಿ, ಕೈಗವಸು ಹಾಕಿ. ಬೋಟ್ ನೀರಿನಲ್ಲಿರುವಾಗ ಈ ಕೆಲಸವಾದರೆ ಎರಡೂ ಸೀಕಾಕ್ (ಬೋಟಿನ ಮೈಯಲ್ಲಿ ನೀರು ಒಳಬರುವ, ಹೊರಹೋಗುವ ರಂಧ್ರಗಳ ವಾಲ್ವ್) ಮುಚ್ಚದೆ ಒಂದು ಕ್ಲಿಪ್ಪನ್ನೂ ಮುಟ್ಟಬೇಡಿ.

ವಾಸನೆಗೆ ಪರೀಕ್ಷೆ: ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಹೋಸ್ ಹೊರಮೈಗೆ ಸುತ್ತಿ, ಆರಿದ ಮೇಲೆ ಮೂಸಿ. ಬಟ್ಟೆ ನಾರಿದರೆ ಗೋಡೆಯ ಮೂಲಕವೇ ವಾಸನೆ ಹೊರಬರ್ತಿದೆ, ತೊಳೆದು ಪ್ರಯೋಜನವಿಲ್ಲ. ತೋಟಕ್ಕೆ ಹಾಕುವ ಪಿವಿಸಿ ಪೈಪ್ ಬೇಡ, ಸ್ಯಾನಿಟೇಶನ್ ದರ್ಜೆಯ ಹೋಸನ್ನೇ ಹಾಕಿ. ಪ್ರತಿ ತುದಿಗೆ ಸ್ಟೀಲ್ ಕ್ಲಿಪ್ ಎರಡೆರಡು.

ಹೆಬ್ಬಾಳ_ಶೆಡ್
ಹೋಸ್ ಬಿಚ್ಚಿದರೆ ಪಂಪ್ ಹಗುರ. ಹೋಸ್ ಒಳಗೆ ಸುಣ್ಣದಂಥ ಗಟ್ಟಿ ಪದರ, ಉಳಿದಿರೋ ದಾರಿ 20 ಮಿ.ಮೀ. ಇರಬಹುದು. ಬಟ್ಟೆಯೂ ನಾರಿತು. ಪಂಪ್ ಸಿಲಿಂಡರ್ ಒಳಗೆ ಉಗುರು ಆಡಿಸಿದರೆ ಎಲ್ಲೂ ಗೀರು ಸಿಗಲಿಲ್ಲ. ಈ ಪದರಕ್ಕೆ ಆಸಿಡ್ ಹಾಕಬಹುದಾ?

ಮಂಡ್ಯ_ಫಿಟ್ಟರ್
ಆ ಪದರ ಸಮುದ್ರದ ನೀರಿನ ಕ್ಯಾಲ್ಸಿಯಂ ಮೂತ್ರದ ಜೊತೆ ಸೇರಿ ಕಟ್ಟಿದ್ದು. ಹೋಸ್ ಹೇಗೂ ನಾರಿರೋದ್ರಿಂದ ಅದಕ್ಕೆ ಆಸಿಡ್ ದಂಡ, ಹೊಸದೇ ಹಾಕಿ. ಚೆನ್ನಾಗಿರೋ ಹೋಸಾದರೆ ಬಿಚ್ಚಿ ಸಿಮೆಂಟ್ ನೆಲಕ್ಕೆ ನಾಲ್ಕಾರು ಸಲ ಬಡಿದರೆ ಪದರ ಒಡೆದು ಉದುರುತ್ತೆ.

ಎಲ್ಬೋ, ಪಂಪ್ ತಳ, ಬೌಲಿನ ರಂಧ್ರಗಳಿಗೆ ಒಂದು ಲೀಟರ್ ಬೆಚ್ಚನೆ ನೀರಲ್ಲಿ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ. ಟಾಯ್ಲೆಟ್ ತೊಳೆಯೋ ಖಾರದ ಆಸಿಡ್ ಇದಕ್ಕಿಂತ ಬೇಗ ಕೆಲಸ ಮಾಡುತ್ತೆ ನಿಜ, ಆದರೆ ಲೋಹದ ಭಾಗಗಳನ್ನೂ ತಿನ್ನುತ್ತೆ. ಯಾವ ಆಸಿಡ್ಡೇ ಆಗಲಿ, ಬ್ಲೀಚ್ ಜೊತೆ ಸೇರಿಸಲೇಬೇಡಿ. ಬೋಟಿನ ಆ ಸಣ್ಣ ಕೋಣೆಯಲ್ಲಿ ಕ್ಲೋರಿನ್ ಗಾಳಿ ಎದ್ದರೆ ಪ್ರಾಣಕ್ಕೇ ಅಪಾಯ.

ಪಂಪ್ ಸಿಲಿಂಡರ್ ನುಣುಪಾಗಿದ್ದರೆ ಸರ್ವಿಸ್ ಕಿಟ್ ಸಾಕು: ಜೋಕರ್ ವಾಲ್ವ್, ಪಿಸ್ಟನ್ ಓ-ರಿಂಗ್, ಮೇಲಿನ ವಾಲ್ವ್ ಗ್ಯಾಸ್ಕೆಟ್, ತಳದ ಫ್ಲಾಪ್, ರಾಡ್ ಸೀಲ್. ರಾಡಿನ ಹನಿಗೆ ಆ ಸೀಲೇ ಕಾರಣ. ರಾಡ್ ಮೇಲೆ ಗೀರಿದ್ದರೆ ಹೊಸ ಸೀಲೂ ಬೇಗ ಹೋಗುತ್ತೆ, ಅದನ್ನೂ ನೋಡಿ. ಪಿಸ್ಟನ್ನಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗುತ್ತೆ, ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಕಲ್ಲಾಗೋದು ಎಲ್ಲರಿಗೂ ಗೊತ್ತು.

ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವಾಗ ಪವರ್ ಡ್ರಿಲ್ ಬಳಸಬೇಡಿ. ಮೊದಲು ಎಡಕ್ಕೆ ತಿರುಗಿಸಿ, 'ಟಕ್' ಅಂತ ಹಳೇ ಥ್ರೆಡ್ಡಿಗೆ ಕೂತದ್ದು ಕೈಗೆ ಗೊತ್ತಾಗುತ್ತೆ. ಆಮೇಲೆ ಬಲಕ್ಕೆ ಬಿಗಿ ಮಾಡಿ. ಇಲ್ಲದಿದ್ದರೆ ಅಡ್ಡ ಥ್ರೆಡ್ ಕೊರೆದು ಪಂಪ್ ತಳವೇ ಹಾಳಾಗುತ್ತೆ.

ಪಂಪ್‌ಮೇಸ್ತ್ರಿ
ಇನ್ನೊಂದು ವಿಷಯ, ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಬೌಲ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಳಬರುವ ದಾರಿಯಲ್ಲೂ ವೆಂಟ್ (ನೆತ್ತಿಯಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್) ಇರುವ ಲೂಪ್ ಬೇಕು. ಅದಿಲ್ಲದೆ ಪಂಪಿನ ಲಿವರನ್ನು ಫ್ಲಶ್‌ನಲ್ಲೇ (ನೀರೆಳೆಯುವ ಕಡೆಗೇ) ಬಿಟ್ಟು ಹೋದರೆ ಸಮುದ್ರದ ನೀರು ಸೈಫನ್ ಆಗಿ ಒಳಬಂದು, ಬೌಲ್ ತುಂಬಿ, ಬೋಟೇ ಮುಳುಗಬಹುದು. ಈ ಲೂಪನ್ನು ಸೀಕಾಕ್ ಮತ್ತು ಪಂಪ್ ನಡುವೆ ಇಟ್ಟರೆ ಪಂಪ್ ಗಾಳಿ ಎಳೆದು ನೀರು ಹತ್ತೋದಿಲ್ಲ. ಪಂಪಿಂದ ಬೌಲಿಗೆ ಹೋಗುವ ಸಣ್ಣ ಹೋಸ್ ತೆಗೆದು, ಅಲ್ಲಿ ಹಾಕಿ. ಲೂಪಿನ ನೆತ್ತಿ ಬೋಟ್ ಪೂರ್ತಿ ವಾಲಿದಾಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ 20 ಸೆಂ.ಮೀ. ಮೇಲಿರಲಿ. ವೆಂಟಿನ ಸಣ್ಣ ವಾಲ್ವಿನಲ್ಲಿ ಉಪ್ಪು ಕಟ್ಟಿದರೆ ಲೂಪ್ ಇದ್ದೂ ಇಲ್ಲದಂತೆ, ಹಾಗಾಗಿ ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ.

ಬೋಟ್ ಟ್ರೇಲರ್ ಮೇಲಿರುವಾಗಲೇ ಸೀಕಾಕ್ ಕೆರೆದು ನೋಡಿ. ಲೋಹ ಹಳದಿ ಹೊಳಪು ಕೊಡದೆ ನಸುಗೆಂಪಾಗಿ ಕಂಡರೆ ಹಿತ್ತಾಳೆಯ ಸತು ಕರಗಿ ಹೋಗಿದೆ. ಅಂಥದ್ದನ್ನು ನೀರಿಗಿಳಿಸಬೇಡಿ, ಕಂಚಿನದು ಹಾಕಿಸಿ.

ಮಂಡ್ಯ_ಫಿಟ್ಟರ್
ಪರೀಕ್ಷೆಗೆ ಕೆಆರ್‌ಎಸ್ ಹಿನ್ನೀರಿಗೆ ಇಳಿಸೋ ಯೋಚನೆ ಯಾರಿಗಾದರೂ ಇದ್ದರೆ: ಅದು ಮೈಸೂರು, ಮಂಡ್ಯ, ಬೆಂಗಳೂರು ಕುಡಿಯೋ ನೀರು. ಹೊರಹೋಗುವ ಸೀಕಾಕ್ ಮುಚ್ಚಿ ಕೇಬಲ್ ಟೈ ಹಾಕಿ, ಎಲ್ಲವೂ ಹೋಲ್ಡಿಂಗ್ ಟ್ಯಾಂಕಿಗೇ (ಹೊಲಸು ನೀರು ಬೋಟಿನಲ್ಲೇ ಹಿಡಿದಿಡುವ ಟ್ಯಾಂಕ್) ಹೋಗಲಿ. ಶೆಡ್ಡಲ್ಲೇ ಮುಗಿಸೋದು ಇನ್ನೂ ಒಳ್ಳೇದು. 20 ಲೀಟರ್ ಬಕೆಟ್ಟಿಗೆ ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ, ಪ್ರತಿ ಜಾಯಿಂಟಿನ ಕೆಳಗೆ ಬಿಳಿ ಟಿಶ್ಯೂ. ಪಂಪ್ ಮಾಡಿ, ಲಿವರ್ ಡ್ರೈಗೆ (ನೀರೆಳೆಯದ ಕಡೆಗೆ) ತಿರುಗಿಸಿ, ಬೌಲಿನ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ರಾತ್ರಿ ಬಿಡಿ.

ಹೊಸ ಜೋಕರ್ ವಾಲ್ವ್ ಕೂಡ ಪೂರ್ತಿ ನೀರು ತಡೆಯಲ್ಲ, ಒಂದಿಷ್ಟು ಜಿನುಗುತ್ತೆ. ಮಟ್ಟ ಒಂದೆರಡು ಬೆರಳು ಏರಿದ್ದು, ಬಂದ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೊಲಸು ನೀರು ಬಂದರೆ, ಪ್ರತಿ ಸಲ ಲೂಪಿನ ನೆತ್ತಿ ದಾಟುವವರೆಗೆ ಇನ್ನೂ ಒಂದೂವರೆ ಲೀಟರ್ ಶುದ್ಧ ನೀರು ಪಂಪ್ ಮಾಡಿ.