ಆರು ವಾರ, ಒಂದು ಬ್ಯಾಗು, ಆಸ್ಟ್ರೇಲಿಯಾ: ಯಾವ ಕಡೆ ಹೋಗಲಿ?

ದಾರಿಹೋಕಿ
ಜೂನ್ ಮಧ್ಯದಿಂದ ಆರು ವಾರ ರಜೆ ಸಿಕ್ಕಿದೆ. ಒಬ್ಬಳೇ ಆಸ್ಟ್ರೇಲಿಯಾ ಸುತ್ತಬೇಕು ಅಂತ ಎಷ್ಟೋ ವರ್ಷದ ಆಸೆ. ವಿಸಿಟರ್ ವೀಸಾ ಕೈಗೆ ಬಂದಿದೆ. ಆದರೆ ಮ್ಯಾಪು ತೆಗೆದು ಕೂತರೆ ಮೂರು ವಾರದಿಂದ ಏನೂ ತೀರ್ಮಾನ ಆಗುತ್ತಿಲ್ಲ. ಈಗಿನ ಪಟ್ಟಿ: ಸಿಡ್ನಿ, ಮೆಲ್ಬರ್ನ್, ಗ್ರೇಟ್ ಓಶನ್ ರೋಡ್, ಟಾಸ್ಮೇನಿಯಾದ ಓವರ್‌ಲ್ಯಾಂಡ್ ಟ್ರ್ಯಾಕ್, ನಡುಭಾಗದ ಉಲುರು ಬಂಡೆ, ಡಾರ್ವಿನ್, ಕೇರ್ನ್ಸ್, ಆಮೇಲೆ ಪರ್ತ್‌ನಿಂದ ನಿಂಗಲೂ ಹವಳದ ದಿಬ್ಬದ ತನಕ. ಕಾರು ಓಡಿಸಲು ಬರುವುದಿಲ್ಲ. ಅಲ್ಲಿಗೆ ಇಳಿದ ಮೇಲೆ ಖರ್ಚು ಐದು ಸಾವಿರ ಡಾಲರ್ ದಾಟಬಾರದು. ಇದರಲ್ಲಿ ಯಾವುದನ್ನು ಬಿಡಲಿ? ಒಂದನ್ನೂ ಬಿಡೋಕೆ ಮನಸ್ಸಿಲ್ಲ, ಮತ್ತೆ ಅಷ್ಟು ದೂರ ಯಾವಾಗ ಹೋಗುತ್ತೇನೋ ಏನೋ.

ಬಸ್‌ಕಿಟಕಿ
ಈ ಪಟ್ಟಿಗೆ ಆರು ತಿಂಗಳು ಬೇಕು. ಮ್ಯಾಪಿನಲ್ಲಿ ಬೆರಳಿಟ್ಟರೆ ಎಲ್ಲ ಹತ್ತಿರವೇ ಕಾಣುತ್ತದೆ, ಆದರೆ ಅದು ಸುಮಾರು 77 ಲಕ್ಷ ಚದರ ಕಿಲೋಮೀಟರ್‌ನ ದೇಶ, ಭಾರತದ ಎರಡು ಪಟ್ಟಿಗಿಂತ ಜಾಸ್ತಿ. ಪರ್ತ್‌ನಿಂದ ನಿಂಗಲೂ ಪಕ್ಕದ ಎಕ್ಸ್‌ಮೌತ್ ಊರಿಗೆ ಮಾತ್ರವೇ 1,250 ಕಿಲೋಮೀಟರ್. ಅಡಿಲೇಡಿನಿಂದ ಡಾರ್ವಿನ್‌ಗೆ ರಸ್ತೆಯಲ್ಲಿ ಮೂರು ಸಾವಿರದಷ್ಟು.

ಮೊದಲು ಕ್ಯಾಲೆಂಡರ್ ನೋಡಿ, ಮ್ಯಾಪು ಆಮೇಲೆ. ಜೂನ್, ಜುಲೈ ಅಂದರೆ ಅಲ್ಲಿ ಚಳಿಗಾಲ. ದಕ್ಷಿಣದಲ್ಲಿ ಥಂಡಿ, ಮಳೆ, ಬೇಗ ಕತ್ತಲು. ಉತ್ತರದಲ್ಲಿ ಅದೇ ಹೊತ್ತಿಗೆ ಮಳೆ ನಿಂತು ಆಕಾಶ ಸ್ವಚ್ಛವಾಗಿರುತ್ತದೆ. ಓವರ್‌ಲ್ಯಾಂಡ್ ಟ್ರ್ಯಾಕ್ 65 ಕಿಲೋಮೀಟರ್ ನಡಿಗೆ. ಅದರ ಸೀಸನ್ ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ. ಆಮೇಲೆ ಹಿಮ ಬೀಳುತ್ತದೆ, ಹಿಮದಲ್ಲಿ ನಡೆದು ಅಭ್ಯಾಸ ಇಲ್ಲದವರು ಒಬ್ಬರೇ ಹೋಗುವ ಜಾಗ ಅಲ್ಲ. ಅದನ್ನು ಕಣ್ಣು ಮುಚ್ಚಿಕೊಂಡು ಹೊಡೆದುಹಾಕಿ.

ಕಡಲಕಾಗೆ
ಮೊದಲ ಸಲ ಒಬ್ಬರೇ ಹೋಗುವವರಿಗೆ, ಅದೂ ಕಾರಿಲ್ಲದೆ, ಪೂರ್ವದ ಕರಾವಳಿ ಬಿಟ್ಟು ಬೇರೆ ಮಾತೇ ಬೇಡ. ಬ್ರಿಸ್ಬೇನ್‌ನಿಂದ ಕೇರ್ನ್ಸ್‌ವರೆಗೆ ಸುಮಾರು 1,700 ಕಿಲೋಮೀಟರ್. ಉದ್ದಕ್ಕೂ ಬಸ್ಸಿದೆ, ರೈಲಿದೆ, ನಿಲ್ಲುವ ಊರಲ್ಲೆಲ್ಲ ಪ್ರವಾಸಿಗರ ಹಾಸ್ಟೆಲ್ ಇದೆ. ಕಗಾರಿ ದ್ವೀಪ (2023ರವರೆಗೆ ಫ್ರೇಸರ್ ಐಲ್ಯಾಂಡ್ ಅನ್ನುತ್ತಿದ್ದರು), ವಿಟ್‌ಸಂಡೇ ದ್ವೀಪಗಳು, ಕೊನೆಗೆ ಗ್ರೇಟ್ ಬ್ಯಾರಿಯರ್ ರೀಫ್. ಬೇಸಿಗೆಯಲ್ಲಿ ಆ ಸಮುದ್ರಕ್ಕೆ ಇಳಿಯಲು ಭಯ, ವಿಷದ ಜೆಲ್ಲಿ ಮೀನು ಇರುತ್ತವೆ. ಬೀಚಿನ ಕಂಬಗಳಲ್ಲಿ ವಿನೆಗರ್ ಬಾಟಲಿ ಇಟ್ಟಿರುವುದೇ ಅದಕ್ಕೆ. ಜೂನ್ ಹೊತ್ತಿಗೆ ಅವುಗಳ ಕಾಟ ತುಂಬಾ ಕಡಿಮೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ದಕ್ಷಿಣದಿಂದ ಮೇಲೆ ಬರುವ ಕಾಲವೂ ಅದೇ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಒಬ್ಬರೇ ಹೋದಾಗ ಸಂಜೆ ಆರರ ಮೇಲೆ ಏನು ಮಾಡುತ್ತೀರಿ ಅನ್ನೋದು ದೊಡ್ಡ ಪ್ರಶ್ನೆ. ಆ ದಾರಿಯಲ್ಲಿ ಎಲ್ಲರೂ ಒಂದೇ ಗೆರೆ ಹಿಡಿದು ಹೋಗುವುದರಿಂದ ಹಿಂದಿನ ಊರಿನ ಅಡುಗೆಮನೆಯಲ್ಲಿ ಸಿಕ್ಕವರೇ ಮುಂದಿನ ಊರಲ್ಲೂ ಸಿಗುತ್ತಾರೆ. ನನಗೆ ಮೂರನೇ ವಾರಕ್ಕೆ ನಾಲ್ಕು ಜನ ಗೆಳತಿಯರಾಗಿದ್ದರು.

ಕೆಂಪುಮಣ್ಣು
ಒಪ್ಪುವುದಿಲ್ಲ. ಆರು ವಾರ ಬರೀ ಬೀಚು ನೋಡಿದರೆ ನಾಲ್ಕನೆಯದಕ್ಕೂ ಐದನೆಯದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇರೆಲ್ಲೂ ಸಿಗದಿರುವುದು ಆ ದೇಶದ ನಡುಭಾಗ. ಅಡಿಲೇಡ್, ಕೂಬರ್ ಪೀಡಿ, ಆಲಿಸ್ ಸ್ಪ್ರಿಂಗ್ಸ್, ಉಲುರು, ಡಾರ್ವಿನ್: ಹೆಚ್ಚುಕಡಿಮೆ ಒಂದೇ ಗೆರೆ, ಉಲುರು ಮಾತ್ರ ಪಕ್ಕಕ್ಕೆ. ಬೇಸಿಗೆಯಲ್ಲಿ ಆ ಕಡೆ 40 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ಇಡೀ ದಿನ ನಡೆಯಬಹುದು.

ಕೂಬರ್ ಪೀಡಿ ಓಪಲ್ ಕಲ್ಲು ಅಗೆಯುವ ಊರು. ಸೆಕೆ ತಡೆಯಲಾರದೆ ಜನ ಗುಡ್ಡವನ್ನೇ ಕೊರೆದು ಮನೆ ಮಾಡಿಕೊಂಡಿದ್ದಾರೆ. ನಾನು ಅಂಥದ್ದೇ ಒಂದು ಹಾಸ್ಟೆಲ್‌ನಲ್ಲಿ ಮಲಗಿದ್ದೆ. ಗೋಡೆಯಲ್ಲಿ ಕೊರೆದ ಯಂತ್ರದ ಹಲ್ಲಿನ ಗುರುತು ಸುತ್ತು ಸುತ್ತಾಗಿ ಹಾಗೇ ಇದೆ, ಕೈ ಆಡಿಸಿದರೆ ಹಿಟ್ಟಿನಂಥ ಧೂಳು ಬೆರಳಿಗೆ ಅಂಟುತ್ತದೆ. ದೀಪ ಆರಿಸಿದ ಮೇಲೆ ಕಣ್ಣು ಬಿಟ್ಟಿದ್ದೇನೋ ಮುಚ್ಚಿದ್ದೇನೋ ಗೊತ್ತಾಗದಂಥ ಕತ್ತಲು.

ಉಲುರು ಹತ್ತಲು ಈಗ ಬಿಡುವುದಿಲ್ಲ, 2019ರ ಅಕ್ಟೋಬರ್ 26ರಿಂದ ಪೂರ್ತಿ ನಿಂತಿದೆ. ಅದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಪವಿತ್ರ ಜಾಗ. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸುತ್ತ ನಡೆಯಬಹುದು, 10.6 ಕಿಲೋಮೀಟರ್. ದೂರದ ಫೋಟೊದಲ್ಲಿ ನುಣುಪಾದ ಗುಡ್ಡದ ಥರ ಕಾಣುತ್ತದೆ. ಬುಡದಲ್ಲಿ ನಿಂತರೆ ಬಂಡೆಯ ಮೈ ಪದರ ಪದರವಾಗಿ ಕಿತ್ತಿದೆ, ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ, ಒಂದು ಮೂಲೆಯಲ್ಲಿ ತಣ್ಣಗೆ ನಿಂತ ನೀರಿನ ಹೊಂಡ. ಕೆಲವು ಕಡೆ ಫೋಟೊ ತೆಗೆಯಬೇಡಿ ಅಂತ ಬೋರ್ಡು ಇದೆ. ದಯವಿಟ್ಟು ತೆಗೆಯಬೇಡಿ.

ಕಡಲಕಾಗೆ
@ಕೆಂಪುಮಣ್ಣು ನೀವು ಹೇಳಿದ್ದೆಲ್ಲ ಚೆನ್ನಾಗಿದೆ, ಆದರೆ ಅವರು ಒಬ್ಬರೇ, ಕಾರಿಲ್ಲ. ಆ ಗೆರೆಯಲ್ಲಿ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಆಲಿಸ್‌ನಿಂದ ಉಲುರು ಪಕ್ಕದಲ್ಲೇ ಇದೆ ಅಂದುಕೊಂಡವರನ್ನು ಎಷ್ಟು ಜನ ನೋಡಿದ್ದೇನೆ, ಅದು ಸುಮಾರು 450 ಕಿಲೋಮೀಟರ್. ಬಂಡೆಯ ಹತ್ತಿರ ಉಳಿಯುವ ಜಾಗ ಯುಲಾರಾ ಒಂದೇ, ಅಲ್ಲಿ ಎಲ್ಲವೂ ದುಬಾರಿ.

ಕೆಂಪುಮಣ್ಣು
ಅದಕ್ಕೇ ಆಲಿಸ್‌ನಿಂದ ಮೂರು ದಿನದ ಗುಂಪು ಪ್ರವಾಸ ಹಿಡಿಯಬೇಕು. ಬಯಲಿನಲ್ಲಿ ಬೆಂಕಿ ಸುತ್ತ ಸ್ವ್ಯಾಗ್ ಹಾಸಿಕೊಡುತ್ತಾರೆ, ಅಂದರೆ ದಪ್ಪ ಕ್ಯಾನ್ವಾಸಿನ ಚೀಲದಂಥ ಹಾಸಿಗೆ. ಅದರೊಳಗೆ ತೂರಿಕೊಂಡು ಮುಖ ಮಾತ್ರ ಹೊರಗಿಟ್ಟು ಮಲಗಬೇಕು. ಬೆಳಿಗ್ಗೆ ಎದ್ದಾಗ ಕ್ಯಾನ್ವಾಸಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು, ಮಡಚಿದಾಗ ಚರಪರ ಸದ್ದು. ಸಂಜೆ ಆರರ ಮೇಲೆ ಏನು ಅಂತ ಕೇಳಿದಿರಲ್ಲ, ಇದೇ.

ಬಸ್‌ಕಿಟಕಿ
ಇಬ್ಬರೂ ಸರಿ, ಆದರೆ ಭದ್ರತೆಯ ಮಾತು ತೇಲಿಸಬೇಡಿ. ನಾನು ಆ ಗೆರೆಯಲ್ಲೇ ಒಂದು ಸಣ್ಣ ಊರಿಗೆ ಬೆಳಗಿನ ಜಾವ ಐದಕ್ಕೆ ಇಳಿದೆ. ಉಳಿಯುವ ಜಾಗದವರು ಬಂದು ಕರೆದುಕೊಂಡು ಹೋಗುತ್ತೇವೆ ಅಂದಿದ್ದರು, ಯಾರೂ ಬರಲಿಲ್ಲ. ಬಸ್ಸು ಹೊರಟು ಹೋಯಿತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಫೋನಿನಲ್ಲಿ ಸಿಗ್ನಲ್ ಇಲ್ಲ. ಎರಡು ಗಂಟೆ ಒಂದು ಬೀದಿದೀಪದ ಕೆಳಗೆ ಬ್ಯಾಗಿನ ಮೇಲೆ ಕೂತೆ. ಏನೂ ಕೆಟ್ಟದ್ದು ಆಗಲಿಲ್ಲ, ಆದರೆ ಆ ಎರಡು ಗಂಟೆ ನಾನು ಮರೆತಿಲ್ಲ. ಅದಕ್ಕೇ ಹೇಳೋದು: ಹಿಂದಿನ ದಿನ ನೀವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ಟೆಲ್‌ಸ್ಟ್ರಾ ಸಿಮ್ ಹಾಕಿಕೊಳ್ಳಿ, ಒಳನಾಡಿನಲ್ಲಿ ಅದರ ನೆಟ್‌ವರ್ಕ್ ಎಲ್ಲಕ್ಕಿಂತ ದೂರ ಹೋಗುತ್ತದೆ. ಆದರೂ ಊರು ಬಿಟ್ಟ ಮೇಲೆ ನೂರಾರು ಕಿಲೋಮೀಟರ್ ಏನೂ ಸಿಗುವುದಿಲ್ಲ.

ಪಡುವಣಗಾಳಿ
ನಾನು ಪಶ್ಚಿಮದ ಪಕ್ಷ. ನಿಂಗಲೂ ಹವಳದ ದಿಬ್ಬ ದಡದಿಂದ ಈಜಿಕೊಂಡೇ ಹೋಗುವಷ್ಟು ಹತ್ತಿರ, ತಿಮಿಂಗಿಲ ಶಾರ್ಕ್ ಮಾರ್ಚಿನಿಂದ ಜುಲೈವರೆಗೆ ಬರುತ್ತವೆ. ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ, ಕಾರಿಲ್ಲದವರಿಗೆ ಆ ಕಡೆ ಕಷ್ಟ. ನಾನು ತುಂಬ ಇಷ್ಟಪಡುವ ಜಾಗ ಅದು, ಅರ್ಧಂಬರ್ಧ ನೋಡಿ ಬನ್ನಿ ಅನ್ನೋಕೆ ಮನಸ್ಸು ಬರುವುದಿಲ್ಲ. ಡ್ರೈವಿಂಗ್ ಕಲಿತು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಒಂದು ಸಲಹೆ. ಹಾಸ್ಟೆಲ್‌ಗಳಲ್ಲಿ ದಿನಕ್ಕೆ ಎರಡು ಗಂಟೆ ಕ್ಲೀನಿಂಗ್ ಮಾಡಿಕೊಟ್ಟರೆ ಮಲಗಲು ಜಾಗ ಪುಕ್ಕಟೆ ಕೊಡುತ್ತಾರಂತೆ. ದುಡ್ಡು ಉಳಿಯುತ್ತದೆ.

ಬಸ್‌ಕಿಟಕಿ
ಬೇಡ, ಬೇಡ. ವಿಸಿಟರ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಹಾಸಿಗೆಗೆ ಬದಲಾಗಿ ಮಾಡಿದರೂ ಅದು ಕೆಲಸವೇ ಅಂತಾಗಬಹುದು. ಭಾರತದ ಪಾಸ್‌ಪೋರ್ಟಿನವರಿಗೆ ದುಡಿದು ಸುತ್ತುವ ವೀಸಾ 2024ರಲ್ಲಿ ಶುರುವಾಗಿದೆ, 18ರಿಂದ 30 ವಯಸ್ಸಿನವರಿಗೆ, ವರ್ಷಕ್ಕೆ ಒಂದು ಸಾವಿರ ಜಾಗ, ಲಾಟರಿ ಎತ್ತುತ್ತಾರೆ. ಅದೇ ಬೇರೆ, ಇದೇ ಬೇರೆ.

ದಾರಿಹೋಕಿ
ಎಲ್ಲರಿಗೂ ಥ್ಯಾಂಕ್ಸ್. ಬಸ್ಸಿನ ಬದಲು ಘಾನ್ ರೈಲು ಹಿಡಿದರೆ ಹೇಗೆ? ಅಡಿಲೇಡಿನಿಂದ ಡಾರ್ವಿನ್ ತನಕ ಹೋಗುತ್ತದೆ ಅಲ್ವಾ?

ಕೆಂಪುಮಣ್ಣು
ಹೋಗುತ್ತದೆ, 2,979 ಕಿಲೋಮೀಟರ್. ಆದರೆ ಕೂತು ಹೋಗುವ ಅಗ್ಗದ ಸೀಟನ್ನು 2016ರಲ್ಲೇ ತೆಗೆದರು. ಈಗ ಊಟ, ಮಲಗುವ ಕೋಣೆ ಎಲ್ಲ ಸೇರಿ ಎರಡು ಸಾವಿರ ಡಾಲರ್ ದಾಟುತ್ತದೆ. ನಿಮ್ಮ ದುಡ್ಡಿನ ಅರ್ಧ ಅಲ್ಲೇ ಹೋಯಿತು.

ಮೋಡಬೀಡು
ನೀವೆಲ್ಲ ಜಾಗಗಳ ಬಗ್ಗೆ ಜಗಳ ಆಡುತ್ತಿದ್ದೀರಿ, ಅವರಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ದಾರಿಹೋಕಿ, ಪಟ್ಟಿಯ ಒಂದೊಂದು ಹೆಸರಿನ ಮುಂದೆ ಯಾಕೆ ಅಂತ ಒಂದೇ ಸಾಲು ಬರೆಯಿರಿ. "ಎಲ್ಲರೂ ಹೋಗುತ್ತಾರೆ" ಅಂತ ಬಂದರೆ ಅಳಿಸಿ. ನಾನು ಹೀಗೆ ಬರೆದಾಗ ಉಳಿದದ್ದು ಎರಡೇ ಹೆಸರು. ಅದರಲ್ಲೊಂದು ಡಾರ್ವಿನ್ ಪಕ್ಕದ ಕಕಾಡು ರಾಷ್ಟ್ರೀಯ ಉದ್ಯಾನ. ಒಂದು ವಾರ ಅಂದುಕೊಂಡು ಹೋಗಿ ಮೂರು ವಾರ ಆ ಕಡೆಯೇ ಉಳಿದೆ. ಅಲ್ಲಿನ ಮೂಲನಿವಾಸಿಗಳು ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ, ನಮ್ಮ ಹಾಗೇ ಆರು! ಕೇಳಿದಾಗ ಮೈ ಜುಮ್ಮೆಂದಿತು. ಉಬಿರ್ ಅನ್ನೋ ಕಡೆ ಬಂಡೆಯ ಮೇಲೆ ಥೈಲಸೀನ್ (ಟಾಸ್ಮೇನಿಯನ್ ಹುಲಿ ಅನ್ನುತ್ತಾರೆ) ಪ್ರಾಣಿಯ ಚಿತ್ರ ಇದೆ. ಆ ಪ್ರಾಣಿ ಆ ನೆಲದಿಂದ ಅಳಿದು ಸಾವಿರಾರು ವರ್ಷ ಆಯಿತು, ಬರೆದವರು ಕಣ್ಣಾರೆ ನೋಡಿ ಬರೆದಿರಬೇಕು. ಬೇಗ ಬೇಗ ಓಡುವವರು ಅದರ ಮುಂದೆ ಎರಡು ನಿಮಿಷ ನಿಂತು ಹೊರಟುಬಿಡುತ್ತಾರೆ.

ಕಡಲಕಾಗೆ
ಬರೆದು ನೋಡೋದು ಒಳ್ಳೆಯ ಉಪಾಯ, ಒಪ್ಪಿದೆ. ಆದರೆ ಒಂದೇ ಕಡೆ ಮೂರು ವಾರ ಅನ್ನೋದು ಎಲ್ಲರಿಗೂ ಆಗುವುದಿಲ್ಲ. ಕೆಲವರಿಗೆ ಚಲಿಸುವುದೇ ಸುಖ.

ದಾರಿಹೋಕಿ
ನಿನ್ನೆ ರಾತ್ರಿ ಬರೆದೆ. ಸಿಡ್ನಿ, ಮೆಲ್ಬರ್ನ್ ಮುಂದೆ "ಹೋಗಿಲ್ಲ ಅಂದರೆ ಜನ ಏನು ಅಂದಾರು" ಅಂತ ಬಂತು. ಅಳಿಸಿದೆ. ಗ್ರೇಟ್ ಓಶನ್ ರೋಡ್ ಬರೀ ಫೋಟೊಗೆ ಅಂತ ಗೊತ್ತಾಯಿತು, ಅದೂ ಹೋಯಿತು. ನಿಂಗಲೂ ಅಳಿಸುವಾಗ ನಿಜವಾಗಿ ಹೊಟ್ಟೆ ಉರಿಯಿತು. ಉಲುರು ಮುಂದೆ ಮಾತ್ರ ಬರೆಯುತ್ತಾ ಒಂದು ಪುಟ ಆಯಿತು. ಶಾಲೆಯ ಅಟ್ಲಾಸಿನಲ್ಲಿ ಖಾಲಿ ಹಳದಿ ನೆಲದ ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಏರ್ಸ್ ರಾಕ್ ಅಂತ ಉಲುರುವಿನ ಹಳೆಯ ಹೆಸರು. ಸುತ್ತ ಏನೂ ಇಲ್ಲದ ಕಡೆ ಆ ಚುಕ್ಕೆ ಯಾಕೆ ಅಂತ ಆಗಿನಿಂದ ನನಗೆ ಕುತೂಹಲ.

ಹಾಗಾಗಿ ಅಡಿಲೇಡಿಗೆ ಇಳಿದು ಬಸ್ಸಿನಲ್ಲೇ ಉತ್ತರಕ್ಕೆ. ಕೂಬರ್ ಪೀಡಿ, ಆಲಿಸ್, ಉಲುರು, ಆಮೇಲೆ ಡಾರ್ವಿನ್, ಕಕಾಡುವಿಗೆ ಎರಡು ವಾರ. ಕೊನೆಯ ಹತ್ತು ದಿನ ಕೇರ್ನ್ಸ್‌ಗೆ ವಿಮಾನ, ಅದು ಕಡಲಕಾಗೆ ಅವರ ಮಾತಿಗೆ, ಹವಳ ನೋಡದೆ ಬರೋಕೆ ನನಗೂ ಆಗಲ್ಲ.

ಮೋಡಬೀಡು
ಡಾರ್ವಿನ್‌ನಲ್ಲಿ ಈಗಲೇ ಹಾಸಿಗೆ ಕಾದಿರಿಸಿ. ಒಣ ಕಾಲದಲ್ಲಿ ಇಡೀ ದೇಶ ಅಲ್ಲಿಗೆ ಬರುತ್ತದೆ, ಜೊತೆಗೆ ಶಾಲೆಗಳ ರಜೆ ಬೇರೆ. ನೀರಿಗೆ ಮಾತ್ರ ಬೋರ್ಡು ಓದದೆ ಇಳಿಯಬೇಡಿ, ಮೊಸಳೆಗಳಿವೆ.

ಬಸ್‌ಕಿಟಕಿ
ಸೊನ್ನೆ ಡಿಗ್ರಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಇರಲಿ. ಬಸ್ಸಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. ಕೂಬರ್ ಪೀಡಿ ದಾಟಿದ ಮೇಲೆ ಸೂರ್ಯ ಆ ಕಡೆಯಿಂದ ಹುಟ್ಟುತ್ತಾನೆ, ಮೊದಲು ನೆಲ ಕಪ್ಪು, ಆಮೇಲೆ ನೇರಳೆ, ಆಮೇಲೆ ಒಮ್ಮೆಲೇ ಕೆಂಪು. ಆಗ ನಿದ್ದೆ ಮಾಡಬೇಡಿ.