ಫೋನಲ್ಲೇ ಪಾಠ, ಆದರೂ ಮಾರ್ಕ್ಸ್ ಇಳಿಯುತ್ತಿದೆ. ಏನು ಮಾಡಲಿ?

ಲಗ್ಗೆರೆಯ ಅಮ್ಮ:
ಮಗಳು ಎಸ್ಸೆಸ್ಸೆಲ್ಸಿ. ಟ್ಯೂಷನ್ ಪೂರ್ತಿ ಆನ್‌ಲೈನ್. ಮನೆಯಲ್ಲಿ ಇರುವುದು ನನ್ನದೊಂದೇ ಫೋನು. ಗಾರ್ಮೆಂಟ್ಸ್‌ನಿಂದ ನಾನು ಬಂದ ಮೇಲೆ ಕ್ಲಾಸ್‌ಗೆ ಕೂರುತ್ತಾಳೆ. ಮೊನ್ನೆ ಪಕ್ಕದಲ್ಲೇ ಕೂತು ನೋಡಿದೆ. ಮೇಷ್ಟ್ರು ತ್ರಿಕೋನಮಿತಿ ಲೆಕ್ಕ ಬಿಡಿಸುತ್ತಿದ್ದರು. ಬೋರ್ಡಿನ ಅಕ್ಷರ ಸಾಸಿವೆ ಕಾಳಿನಷ್ಟು. ಅಷ್ಟರಲ್ಲಿ ಟಣ್ ಅಂತ ವಾಟ್ಸಾಪ್ ಮೆಸೇಜು. ಅದನ್ನು ನೋಡಿ ವಾಪಸ್ ಬರುವಷ್ಟರಲ್ಲಿ ಎರಡು ಸ್ಟೆಪ್ ಮುಗಿದೇ ಹೋಗಿತ್ತು. ಕೇಳೋಕೆ ಸಂಕೋಚ, ಸುಮ್ನೆ ಕೂತಳು. ಫೋನ್ ಕಿತ್ತುಕೊಂಡರೆ ಪಾಠವೂ ಹೋಗುತ್ತೆ ಅಲ್ವಾ?

ಪೀಣ್ಯದ ಟೀಚರ್:
ಕಿತ್ತುಕೊಳ್ಳಬೇಡಿ ಅಕ್ಕ. 2020ರಲ್ಲಿ ಶಾಲೆ ಮುಚ್ಚಿದಾಗ ಫೋನಿಲ್ಲದ ಮಕ್ಕಳ ಪಾಡು ಕಣ್ಣಾರೆ ಕಂಡಿದ್ದೇನೆ. ಚಂದನ ವಾಹಿನಿಯ ಸಂವೇದ ಪಾಠ, ಟೀಚರುಗಳು ಮಕ್ಕಳಿದ್ದ ಕಡೆಗೇ ಹೋಗಿ ಕಲಿಸುತ್ತಿದ್ದ ವಿದ್ಯಾಗಮ ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಕ್ಲಾಸ್‌ಗೆ ಮುಂಚೆ ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ, ಮೆಸೇಜು ಬಂದರೂ ಸದ್ದಾಗಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಸಿಕ್ಕ ವಿಡಿಯೊ ಡೌನ್‌ಲೋಡ್ ಮಾಡಿಡಿ. ಆಮೇಲೆ ನೆಟ್ ಆಫ್ ಮಾಡಿ ನಿಲ್ಲಿಸಿ ನಿಲ್ಲಿಸಿ ನೋಡಲಿ. ಲೆಕ್ಕ ಮಾತ್ರ ನೋಟ್‌ಬುಕ್ಕಲ್ಲೇ ಬಿಡಿಸಬೇಕು.

ರಾಜಾಜಿನಗರದ ಡಿಗ್ರಿ ಹುಡುಗ:
ಆಂಟಿ, ನಾನು 2021ರ ಬ್ಯಾಚ್. ಎರಡೇ ದಿನದ ಎಸ್ಸೆಸ್ಸೆಲ್ಸಿ, ಬರೀ ಬಹು ಆಯ್ಕೆ ಪ್ರಶ್ನೆ, ಉತ್ತರದ ವೃತ್ತ ತುಂಬುವ ಓಎಂಆರ್ ಶೀಟು. ಪಾಸಾದೆವು, ಆದರೆ ಪಿಯುಸಿ ಗಣಿತ ತುಂಬಾ ಕಷ್ಟವಾಯಿತು. ಕ್ಲಾಸ್ ಮುಗಿಸಿ ಪುಸ್ತಕ ಓದುವಾಗ ಫೋನ್ ಬೇರೆ ರೂಮಲ್ಲಿಡಿ. ಟೆಕ್ಸಾಸ್ ವಿಶ್ವವಿದ್ಯಾಲಯದವರ 2017ರ ಅಧ್ಯಯನದಲ್ಲಿ, ಸೈಲೆಂಟ್ ಮಾಡಿ ಮೇಜಿನ ಮೇಲಿಟ್ಟವರಿಗಿಂತ ಬೇರೆ ರೂಮಲ್ಲಿಟ್ಟವರೇ ಪರೀಕ್ಷೆ ಚೆನ್ನಾಗಿ ಮಾಡಿದ್ದರು.

ಲಗ್ಗೆರೆಯ ಅಮ್ಮ:
ದೀಕ್ಷಾದಲ್ಲಿ ಕನ್ನಡ ಮಾಧ್ಯಮದ್ದೂ ಇದೆಯಾ ಮೇಡಂ?

ಪೀಣ್ಯದ ಟೀಚರ್:
ಇದೆ ಅಕ್ಕ. ಬೋರ್ಡ್, ಮಾಧ್ಯಮ, ತರಗತಿ ಆರಿಸಿಕೊಳ್ಳಿ.